ತೂಗುಮಂಚಕ್ಕೆ ನಾಲ್ಕು ಜೇಬು

ಕೌಲ್ ಬಜಾರಿನ ಈ ಕೋಣೆ
ಎಂಟು ಅಡಿ, ಒಂಬತ್ತೂವರೆ ಅಡಿ.
ಅಳತೆ ಟೇಪು ನನ್ನ ಕೊರಳಾಗೇ ಇರ್ತೈತಿ,
ತಪ್ಪೋ ಮಾತೇ ಇಲ್ಲ.

ಎರಡು ಮಷಿನ್ನು. ಕತ್ತರಿಸಿಟ್ಟ ಜೀನ್ಸಿನ ಗುಡ್ಡೆ,
ಒಂದು ಸೊಂಟವೂ ಇಲ್ಲದ ಇನ್ನೂರು ಕಾಲು.
ಅದರ ನಡುವೆ ಕಬ್ಬಿಣದ ಮಂಚ,
ಒಳಗೆ ಬಂದವರನ್ನೆಲ್ಲ ಮೊಣಕಾಲಿಗೆ ಗುದ್ದಿ ಮಾತಾಡಿಸೋದು.
ಅದನ್ನ ತೂಕಕ್ಕೆ ಹಾಕಿದ ದಿನ
ಕೋಣೆ ಒಂದು ಉಸಿರು ಬಿಡ್ತು.

"ಇನ್ನ ಎಲ್ಲಿ ಮಲಗೋದು?" ಅಂದೆ.
ಗಾದಿಲಿಂಗ ಮೇಲೆ ನೋಡಿದ.
ಹೆಸರಾಗೇ ಗಾದಿ ಇಟ್ಕೊಂಡು ಹುಟ್ಟಿದೋನು,
ನೆಲದ ಮೇಲೆ ಒಂದು ಗಾದಿ ಹಾಸೋಷ್ಟು ಜಾಗ ಇಲ್ಲದೋನು.

ಹೊನ್ನೂರಸಾಬ ಏಣಿ ತಂದ.
ಮಾಳಿಗೆ ಮನೆ; ಮಣ್ಣು ಹೊತ್ತ ಐದು ತೊಲೆ.
ಒಂದೊಂದಕ್ಕೂ ಗೆಣ್ಣಿಲೆ ಬಡಿದು ಕಿವಿ ಕೊಟ್ಟ,
ಕಲ್ಲಂಗಡಿ ಆರಿಸೋ ಹಂಗೆ.
"ಇದು ಪೊಳ್ಳು. ಇದನ್ನ ಗೆದ್ದಲಿಗೆ ಬಾಡಿಗೆ ಕೊಟ್ಟೀರಿ.
ಈ ಎರಡು ಗಟ್ಟಿ, ಅಕ್ಕ. ಬೇವು."

ಸರಪಳಿ, ರಾಟೆ, ನಾಲ್ಕು ಕೊಂಡಿ.
ಮೊದಲು ಮಲಗಿದ್ದು ನಾವಲ್ಲ, ಜೀನ್ಸಿನ ಮೂಟೆಗಳು,
ಮೂರು ರಾತ್ರಿ.
ತೊಲೆ ಒಮ್ಮೆ ಮುಲುಗಿತು, ಹಿಡಿ ಮಣ್ಣು ಉದುರಿಸಿತು,
ಆಮೇಲೆ ಒಪ್ಕೊಂತು.

ಹಾಸು ನಾನೇ ಹೊಲಿದೆ. ಐದು ಪದರ, ಜೋಡಿ ಹೊಲಿಗೆ,
ಎಳೆತ ಬೀಳೋ ಕಡೆಯೆಲ್ಲ ತಾಮ್ರದ ರಿವೆಟ್ಟು.
ಉಳಿದ ತುಂಡು ನೋಡಿ ಕೈ ಸುಮ್ಮನಿರದೆ
ಅಂಚಿಗೆ ನಾಲ್ಕು ಹಿಂಜೇಬು ಇಟ್ಟೆ.
ಒಂದರಾಗೆ ಅವನ ಫೋನು. ಒಂದರಾಗೆ ನೋವಿನ ಮುಲಾಮು.
ಒಂದರಾಗೆ ಸೂಜಿ ಡಬ್ಬಿ ಇಟ್ಟಿದ್ದೆ,
ಅವನಿಗೆ ಚುಚ್ಚಿದ ಮೇಲೆ ತೆಗೆದೆ.
ನಾಲ್ಕನೇದು ಸದ್ಯಕ್ಕೆ ಖಾಲಿ.

ಅವನಿಗೆ ವಾಷಿಂಗ್ ಯೂನಿಟ್ಟಿನಾಗೆ ರಾತ್ರಿ ಪಾಳಿ.
ಬೆಳಗ್ಗೆ ಏಳಕ್ಕೆ ಬಂದು, ಒಗ್ಗರಣೆ ಮಂಡಕ್ಕಿ ತಿಂದು
ಮಂಚ ಹತ್ತತಾನೆ.
ನಾನು ಸರಪಳಿ ಎಳೀತೀನಿ.
ಬಾವಿಯಿಂದ ಕೊಡ ಬಂದಂಗೆ
ಮೇಲೆ ಹೋಗ್ತಾನೆ ನನ್ನ ಗಂಡ,
ನನ್ನ ತಲೆಗಿಂತ ಮೇಲೆ, ಬೆಳಕಿಂಡಿಗಿಂತ ಕೆಳಗೆ.
ಗೂಟಕ್ಕೆ ಎರಡು ಸುತ್ತು ಹಾಕಿ
ಮಷಿನ್ನಿಗೆ ಕೂರ್ತೀನಿ.

ಎಷ್ಟು ಹೆಂಡಂದಿರು
ಗಂಡನ್ನ ಅಡಿಯಿಂದ ನೋಡ್ಯಾರೆ?
ಹಾಸಿನಾಗೆ ಬೆನ್ನಿನ ಗುಳಿ, ಹಿಮ್ಮಡಿಯ ಗುಳಿ;
ಮಗ್ಗುಲಾದರೆ ಗುಳಿಯೂ ಜರುಗ್ತೈತಿ.
ಒಂದು ಕೈ ಯಾವಾಗಲೂ ಅಂಚಿನಾಚೆ ಜೋತು.
ಉಗುರು ನೀಲಿ, ಅಂಗೈ ಗೆರೆ ನೀಲಿ.
ಹೊಸ ಪ್ಯಾಂಟು ಹಳೇದರಂಗೆ ಕಾಣೋದಕ್ಕೆ ಅವನಿಗೆ ಸಂಬಳ,
ಬಿಟ್ಟ ಬಣ್ಣ ಪುಕ್ಕಟೆ.

ಮಷಿನ್ನು ಓಡಿದರೆ ನೆಲ ನಡುಗ್ತೈತಿ, ಗೋಡೆ ನಡುಗ್ತೈತಿ,
ಸರಪಳಿ ಅದನ್ನ ಕೇಳಿಸ್ಕೊಂಡು
ಮಂಚಕ್ಕೆ ಹೇಳ್ತೈತಿ.
ಆ ಚೂರು ತೂಗಿಗೇ ಅವನಿಗೆ ನಿದ್ದೆ.
ಆಟೋ ಹಾರನ್ನು, ನಲ್ಲಿ ಮುಂದಿನ ಜಗಳ, ಮಸೀದಿ ಮೈಕು,
ಯಾವುದಕ್ಕೂ ಎಚ್ಚರಿಲ್ಲ.
ಕರೆಂಟು ಹೋಗಿ ಮಷಿನ್ನು ನಿಂತರೆ ಮಾತ್ರ
ಮೇಲಿಂದ ತಟ್ಟನೆ:
"ಯಾಕೆ, ಎರ್ರೆಮ್ಮ? ಏನಾತು?"

ಹೋದ ತಿಂಗಳು ಮಾತು ಬಿಟ್ಟಿದ್ವಿ. ಕಾರಣ ಮರೆತೆ.
ಇಲ್ಲ, ಮರೆತಿಲ್ಲ: ಅವನ ತಂಗಿಗೆ ಕೊಟ್ಟ ಆರು ಸಾವಿರ.
ಎಂಟು ದಿನ ಏರಿಸಿದೆ, ಇಳಿಸಿದೆ.
ಮಾತಾಡದೆ ಒಬ್ಬ ಮನುಷ್ಯನ್ನ ಮೇಲೆ ಎಳಿಯೋದು
ಬಲು ಭಾರ.
ಅದರಾಗೊಂದು ದಿನ ಹೊಲಿಗೆ ಬೇಗ ಮುಗೀತು,
ಮೂಟೆ ಕಟ್ಟಿ ಮೂಲೆಗೆ ನಿಲ್ಲಿಸಿದೆ.
ಆಮೇಲೆ ನೂಲು ಬಿಚ್ಚಿ, ಬಟ್ಟೆ ಇಲ್ಲದೆ,
ಬರೀ ಮಷಿನ್ನು ಓಡಿಸ್ತಾ ಕೂತೆ
ಅವನು ಏಳೋತನಕ.

ಅಮಾಸೆಗೆ ಇಬ್ಬರಿಗೂ ರಜ.
ನೆಲಕ್ಕೆ ಗೇಣು ಎತ್ತರ ಬಿಟ್ಟು ಮಂಚ ಇಳಿಸಿ
ಇಬ್ಬರೂ ಮಲಗಿದ್ವಿ.
ಇದರಾಗೆ ಒಬ್ಬರು ಹೊರಳಿದರೆ
ಇನ್ನೊಬ್ಬರು ಹೊರಳಲೇಬೇಕು.
ತೊಲೆ ಕಿರ್ ಅಂತು. ಅವನಿಗೆ ನಿದ್ದೆ ಹತ್ತಲಿಲ್ಲ.
"ಭಾಳ ಸುಮ್ಮನೈತಿ" ಅಂದ.

ನಾನು ಏನೂ ಅನ್ನಲಿಲ್ಲ.
ಅಂಚಿಂದ ಒಂದು ಕಾಲು ಇಳಿಬಿಟ್ಟು
ತಣ್ಣನೆ ನೆಲವನ್ನ ಒತ್ತಿದೆ,
ಹಿಮ್ಮಡಿ, ಬೆರಳು,
ಹಿಮ್ಮಡಿ, ಬೆರಳು.