ಲೋಡೆಷ್ಟು

ಗುತ್ತಲು ರಸ್ತೆಯ ಟೈರಂಗಡಿಯಲ್ಲಿ
ಜಬೀವುಲ್ಲಾ ಕೇಳಿದ: ‘ಲೋಡೆಷ್ಟಣ್ಣ?’

ಏನಂತ ಹೇಳಲಿ.
ಸೋಮವಾರ ಹಾಲಿನ ಟೆಂಪೊ, ಕ್ಯಾನುಗಳ ಸಮೇತ.
ನಿನ್ನೆ ಹನಕೆರೆ ಹತ್ತಿರ ಆಕ್ಸಲ್ ಮುರಿದ ಮದುವೆ ಕಾರು,
ಬಾನೆಟ್ಟಿನ ಮೇಲೆ ಇನ್ನೂ ಸೇವಂತಿಗೆ;
ಹುಡುಗಿ ನನ್ನ ಪಕ್ಕದಲ್ಲೇ ಕೂತು
ಬಾಸಿಂಗ ತೊಡೆಯ ಮೇಲಿಟ್ಟುಕೊಂಡು
ಛತ್ರದವರೆಗೂ ಮೀಟರೇ ನೋಡುತ್ತಿದ್ದಳು.
ಕೆಟ್ಟು ನಿಂತದ್ದೆಲ್ಲ ನನ್ನ ಲೋಡು,
ತೂಕದ ರಸೀದಿ ಯಾರು ಕೊಡುತ್ತಾರೆ?

ರೀಸೋಲು ತೋರಿಸಿದ. ಅರ್ಧ ದುಡ್ಡು.
ಬೆರಳಿಟ್ಟೆ: ಬಟನ್ ಆಳ, ಮೈ ಮುದಿ,
ಹೊಸ ಮೆಟ್ಟು ಹಾಕಿದ ಹಳೇ ಕಾಲು.
ಕಬ್ಬಿನವರು ಒಯ್ಯಲಿ, ಫ್ಯಾಕ್ಟರಿವರೆಗಿನ ಮಾತು ಅವರದು,
ಚೆಲ್ಲಿದರೂ ಸಿಹಿಯೇ.

ಎತ್ತಿಗಾದರೆ ಹಲ್ಲು ಎಣಿಸುತ್ತಿದ್ದ ನಮ್ಮಪ್ಪ.
ನಾನು ಪಕ್ಕೆಯ ನಾಲ್ಕಂಕಿ ಓದಿದೆ,
ಹುಟ್ಟಿದ ವಾರ, ಹುಟ್ಟಿದ ವರ್ಷ.

‘ಹಿಂದಿನ ನಾಲ್ಕು ಸಾಕಲ್ವಾ?’
ಸಾಲದು ಕಣಪ್ಪ.
ಹಿಂದೆ ಎತ್ತಿದಷ್ಟೂ ಮುಂದೆ ಹಗುರ,
ಸ್ಟಿಯರಿಂಗು ಕೈಯಲ್ಲಿ ನೀರಾಗುತ್ತದೆ;
ಇಂಡುವಾಳಿನ ತಿರುವಲ್ಲಿ ಒಂದು ರಾತ್ರಿ
ನೆಲ ಬಿಟ್ಟದ್ದು ಗೊತ್ತಾಗಿದೆ ನನಗೆ.
ಆರಕ್ಕೆ ಆರೂ ಹೊಸದೇ.

ಜಬೀವುಲ್ಲಾ ಕ್ಯಾಲ್ಕುಲೇಟರು ನನ್ನ ಕಡೆ ತಿರುಗಿಸಿದ.
ಪುಟ್ಟತಾಯಿಗೆ ಫೋನು ಮಾಡಿದೆ.
ಚೀಟಿ ಎತ್ತಲಾ ಅಂದಳು,
ಎಷ್ಟು ಅಂತ ಕೇಳಲೇ ಇಲ್ಲ.

ಹಳೆಯದರಲ್ಲಿ ಒಂದನ್ನು ಬಿಟ್ಟುಬರಲಿಲ್ಲ.
ಕೊಯ್ದು ಕೊಕ್ಕೆಯ ಬುಡಕ್ಕೆ ಕಟ್ಟಿದ್ದೇನೆ:
ಕೆಟ್ಟುಬಂದ ಗಾಡಿ ಯಾವುದಾದರೂ
ಹಣೆ ಆನಿಸಿದರೆ
ಗೀರು ಬೀಳದಿರಲಿ ಅಂತ.