ಮುರಿದ ಚಾವಿ

ಕಲಬುರಗಿಯ ಸೂಪರ್ ಮಾರ್ಕೆಟ್ ಮೂಲೆ, ಹರಿದ ಛತ್ರಿಯ ಕೆಳಗೆ
ಮಶಾಕ್ ಸಾಬರ ಅಂಗಡಿ: ತಂತಿಯ ಬಳೆಗೆ ಪೋಣಿಸಿದ
ಇನ್ನೂ ಹಲ್ಲು ಮೂಡದ ನೂರಾರು ಚಾವಿ.

ಅವರ ರಕ್ತವನ್ನು ಗಾಜಿನ ಮೇಲೆ ಎಳೆದವಳು ನಾನು.
ಅಷ್ಟು ನೇರಳೆ ಇರಬಾರದಿತ್ತು ಆ ಗಾಜು.
ಬಿಳಿಕಣ ಎರಡು ಲಕ್ಷ ಅಂದಿತು ಯಂತ್ರ;
ಸುಳ್ಳಿರಬೇಕೆಂದು ಮತ್ತೆ ಹಾಕಿದೆ.
ಎರಡು ಲಕ್ಷದ ನಾಲ್ಕು ಸಾವಿರ.

ಡಾಕ್ಟರು ಹೇಳುವಾಗ ಬಾಗಿಲಲ್ಲೇ ನಿಂತಿದ್ದೆ:
ಒಂಬತ್ತನೆಯ ವರ್ಣತಂತುವಿನ ತುಂಡು
ಇಪ್ಪತ್ತೆರಡಕ್ಕೆ ಹೊಲಿದುಕೊಂಡು ಹುಟ್ಟಿದ ಪ್ರೋಟೀನು,
ತನ್ನಂಥದ್ದೇ ಇನ್ನೊಂದರ ತೋಳು ಹಿಡಿಯುತ್ತದೆ,
ಒಂದನ್ನೊಂದು ತಿವಿದು ಎಬ್ಬಿಸುತ್ತವೆ,
ಪಕ್ಕದವರಿಗೆ, ಅವರ ಪಕ್ಕದವರಿಗೆ
ಒಂದೇ ಮಾತು ದಾಟಿಸುತ್ತವೆ:
ಎರಡಾಗು, ಸಾಯಬೇಡ, ಎರಡಾಗು.

"ಅಂದ್ರ ಕೀಲಿ ಖುಲ್ಲಾ ಬಿದ್ದದ ಅನ್ರಿ," ಅಂದರು ಸಾಬರು.
ಡಾಕ್ಟರು ಪೆನ್ನು ಕೆಳಗಿಟ್ಟರು.
"ಹೌದು. ಈ ಗುಳಿಗೆ ಆ ಕಿಂಡಿಯೊಳಗೆ ಹೋಗಿ ಕೂರುತ್ತೆ.
ತಿರುಗೋದಿಲ್ಲ. ನಿಜವಾದ ಚಾವಿಗೆ ಜಾಗ ಬಿಡೋದಿಲ್ಲ."

ಸಾಬರು ನಕ್ಕರು, ಕೆಮ್ಮು ಬರುವ ತನಕ.
"ನಲವತ್ತು ವರ್ಷ ಮಂದಿ ಕೀಲ್ಯಾಗಿನ ಮುರದ ಚಾವಿ
ಸೂಜಿ ಹಾಕಿ, ಎಣ್ಣಿ ಬಿಟ್ಟು ಹೊರಗ ತಗದೀನ್ರಿ.
ಈಗ ನನ್ನೊಳಗ ನಾನೇ
ದಿನಾ ಒಂದು ಮುರದು ಹಾಕ್ಬೇಕಾ?"

ಮೂರು ತಿಂಗಳಿಗೆ ಗಾಜು ತಿಳಿಯಾಯಿತು.
ಹೋಗಿಲ್ಲ ಅದು; ಬಾಗಿಲು ಬಡಿಯುತ್ತ ಒಳಗೇ ಇದೆ.

ಇವತ್ತು ರೊಟ್ಟಿ ಮುಗಿಸಿ, ಗುಳಿಗೆ ನುಂಗಿ,
ನನ್ನ ಸ್ಕೂಟಿ ಚಾವಿಗೆ ಅರ ಹಾಕುತ್ತ ಕೇಳಿದರು:
"ಡುಪ್ಲಿಕೇಟ್ ಎಷ್ಟ್ ಮಾಡ್ಲಿ?"
"ಒಂದೇ ಸಾಕ್ರಿ."
ಅರ ನಿಂತಿತು.
ಇಬ್ಬರೂ ಒಂದು ಗಳಿಗೆ
ಆ ಹಿತ್ತಾಳೆ ಪುಡಿಯನ್ನೇ ನೋಡಿದೆವು.