ಆರ್ಲಿಸ್ ಸ್ಕಾರ್ ಅವರ ಕಡತ ಕಟ್ಟುವಾಗ

ನವೆಂಬರಿನಲ್ಲಿ ಸೋತೆವು, ಇನ್ನೂರ ಹನ್ನೆರಡು ಮತಗಳಿಂದ.
ಈಗ ಡಿಸೆಂಬರು. ಮ್ಯಾಡಿಸನ್ನಿನ ಎರಡೂ ಕೆರೆಗಳು
ಅಂಚಿನಿಂದ ಹೆಪ್ಪುಗಟ್ಟುತ್ತಿವೆ,
ಕ್ಯಾಪಿಟಲ್ಲಿನ ಹಳೆಯ ಹೀಟರು ಕೆಮ್ಮುತ್ತಿದೆ.
ಜನವರಿಗೆ ಹೊಸಬ ಬರುತ್ತಾನೆ;
ಅಷ್ಟರಲ್ಲಿ ಇಪ್ಪತ್ತಾರು ಪೆಟ್ಟಿಗೆ ತುಂಬಬೇಕು ನಾನು.

ಆಕೆ ಇಲ್ಲಿಗೆ ಮೊದಲು ಬಂದದ್ದು ಕೋಟು ಹಿಡಿಯಲು.
(ಆಗಿನ್ನೂ ಆಕೆ; ಅವರು ಆದದ್ದು ಆಮೇಲೆ.)
ಸೆನೆಟರ್ ವೆಂಡಲ್ ಥೋರ್ಸ್‌ಗಾರ್ಡರ ಭಾರದ ಕಪ್ಪು ಕೋಟು,
ಎಡ ಜೇಬಲ್ಲಿ ರಕ್ತದೊತ್ತಡದ ಗುಳಿಗೆ,
ಬಲ ಜೇಬಲ್ಲಿ ಯಾರದೋ ಮದುವೆಯ ಕರೆಯೋಲೆ.
ಹೈನುಗಾರರ ಮಗಳು, ನಸುಕಿಗೆ ಏಳುವುದು ಹೊಸದಲ್ಲ.
ಯಾರ ಹಸು ಈದಿದೆ, ಯಾರ ಅಣ್ಣ ಕುಡಿಯುತ್ತಾನೆ,
ಯಾವ ಪಾದ್ರಿಗೆ ಯಾವ ಪಾದ್ರಿಯ ಮುಖ ಆಗದು
ಎಲ್ಲ ಉಸುರುತ್ತಿದ್ದಳು ಮುದುಕನ ಕಿವಿಯಲ್ಲಿ
ಒಂದು ಹೆಜ್ಜೆ ಹಿಂದೆ ನಿಂತು.
ಜನ ಅಂದರು: ಅಬ್ಬ, ಸೆನೆಟರರ ನೆನಪೇ ನೆನಪು!

ಪತ್ರಗಳನ್ನೂ ಆಕೆಯೇ ಬರೆದಳು.
ಹಾವೂ ಸಾಯದ, ಕೋಲೂ ಮುರಿಯದ ಪತ್ರಗಳು:
ತಮ್ಮ ಅಹವಾಲು ನಮ್ಮ ಗಮನದಲ್ಲಿದೆ.
ಸಹಿಯನ್ನೂ ಕಲಿತಳು. ಕೊನೆಯ ಅಕ್ಷರದ ಬಾಲ ಮಾತ್ರ
ಅವನದಕ್ಕಿಂತ ಚೂರು ಉದ್ದ.

ಆ ಬಾಲ ನೋಡಿಯೇ ಇವತ್ತು ಗುರುತು ಹಿಡಿದೆ.
ಹದಿನಾಲ್ಕನೆಯ ಪೆಟ್ಟಿಗೆ, ಎಂಬತ್ತೇಳನೆಯ ಇಸವಿ.
ಹೆಡ್ವಿಗ್ ಬ್ರೂಗನ್ ಎಂಬ ವಿಧವೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ:
ನಮ್ಮ ಹಳ್ಳದ ಸೇತುವೆ ಟ್ಯಾಂಕರಿನ ಭಾರ ತಡೆಯದು,
ಹಾಲಿನ ಲಾರಿ ಹತ್ತೊಂಬತ್ತು ಮೈಲಿ ಸುತ್ತಿ ಬರುತ್ತದೆ,
ಬಾರದ ದಿನ ಹಾಲನ್ನು ಚರಂಡಿಗೆ ಸುರಿಯುತ್ತೇನೆ,
ಬೆಕ್ಕುಗಳಿಗೂ ಸಾಕಾಗಿದೆ.
ಉತ್ತರದ ಝೆರಾಕ್ಸ್ ಪ್ರತಿ ಜೊತೆಗಿದೆ. ಒಂದೇ ಸಾಲು,
ಹಾವೂ ಇಲ್ಲ, ಕೋಲೂ ಇಲ್ಲ:
ಆ ಸೇತುವೆ ಆಗುವ ತನಕ ನಾನು ಈ ಮಾತು ಬಿಡುವುದಿಲ್ಲ.
ಕೆಳಗೆ ಉದ್ದ ಬಾಲದ ಸಹಿ.

ಮುದುಕ ಅದನ್ನು ಓದಿರಲಾರ. ಮರುವರ್ಷವೇ ತೀರಿಕೊಂಡ.
ಅವನ ಕುರ್ಚಿಗೆ ನಿಂತು ಗೆದ್ದಳು; ಅಲ್ಲಿಂದ ಅವರಾದರು.
ಏಳು ಸಲ ಮಸೂದೆ ತಂದರು. ಏಳು ಸಲವೂ
ಸಮಿತಿಯ ಮೇಜಿನ ಮೇಲೆ ಅದು
ಯಾರೂ ಮುಟ್ಟದ ಕಾಫಿಯಂತೆ ಆರಿತು.
ಎಂಟನೆಯದಕ್ಕೆ ಹಣ ಎಲ್ಲಿಂದ? ಎಂದರು.
ಪೆಟ್ರೋಲಿನ ತೆರಿಗೆಗೆ, ಗ್ಯಾಲನ್ನಿಗೆ ಎರಡು ಸೆಂಟು, ಹೌದು ಎಂದರು ಇವರು.
ಆ ಒಂದು ಹೌದು ಅಕ್ಟೋಬರಿನಲ್ಲಿ ದಪ್ಪಕ್ಷರವಾಗಿ
ಮನೆಮನೆಯ ಅಂಚೆಡಬ್ಬಿಗೆ ಹೋಗಿ ಬಿತ್ತು.
ಬ್ರೂಗನ್ನಳ ಮೊಮ್ಮಕ್ಕಳೂ ಹೊಸಬನಿಗೇ ಹಾಕಿದರಂತೆ.
ಹಳ್ಳದಲ್ಲಿ ಈಗ ಕಂಬ ಎದ್ದಿವೆ.
ಹಿಮ ಕರಗಿದ ಮೇಲೆ ಅವನು ರಿಬ್ಬನ್ನು ಕತ್ತರಿಸುತ್ತಾನೆ.

ಇದು ಯಾವ ಪೆಟ್ಟಿಗೆಗೆ? ಕೇಳಿದೆ.
ಕನ್ನಡಕ ಹಣೆಗೇರಿಸಿ ಓದಿದರು,
ಒಂದು ಸಾಲಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು.
ಸಹಿ ಯಾರದು?
ಸೆನೆಟರರದು... ಅಂತ ಇದೆ.
ಮತ್ತೆ? ಅವನ ಪೆಟ್ಟಿಗೆಗೇ ಹಾಕು, ನೆಂಗ್.

ಶನಿವಾರದ ಸಂತೆಯಲ್ಲಿ ಅಮ್ಮನ ಮೂಲಂಗಿ ರಾಶಿಯ ಹಿಂದೆ
ಚಿಲ್ಲರೆ ಎಣಿಸುತ್ತಿದ್ದ ನನ್ನನ್ನು ಕೆಲಸಕ್ಕೆ ಕರೆದವರು ಇವರು.
ನಾನೂ ನಾಲ್ಕು ವರ್ಷ ಇವರ ಹೆಸರಲ್ಲಿ ಬರೆದಿದ್ದೇನೆ.
ಯಾವ ರಾತ್ರಿ, ಯಾರಿಗೆ, ಏನೆಂದು ಮಾತು ಕೊಟ್ಟೆನೊ.
ಹುಡುಕುವ ಧೈರ್ಯ ಬಾರದೆ ಟೇಪು ಹಚ್ಚಿದೆ.

ದೀಪ ಆರಿಸಲು ಹೋದವ ತಿರುಗಿ ನೋಡಿದರೆ
ಇವರು ನನ್ನ ಕೋಟನ್ನು ಭುಜದೆತ್ತರಕ್ಕೆ ಹಿಡಿದು ನಿಂತಿದ್ದಾರೆ,
ಬಾಗಿಲ ಕಡೆ ಕಣ್ಣಿಟ್ಟು, ಬೇರೇನನ್ನೋ ಯೋಚಿಸುತ್ತ.
ಏನೂ ಅನ್ನದೆ
ತೋಳು ತೂರಿಸಿದೆ.